ತರಗೆಲೆ ಹೊರಗೆ ಹಾಕುವ ದೇಶ

ಬ್ರಸೆಲ್ಸ್

ವಿಮಾನ ನಿಲ್ದಾಣದಲ್ಲಿ ‘ಪಾಯ್ಸನ್’ ಎನ್ನುವ ಪದ ಬಾಯಿಂದ ಬರಬಾರದು. ಇದನ್ನು ಯಾರಾದರೂ ನನಗೆ ಮೊದಲೇ ಹೇಳಿದ್ದರೆ ಬೆಲ್ಜಿಯಂ ದೇಶದ ಮೊದಲ ಬೆಳಗನ್ನು ನಾನು ಒಂದು ಗಾಜಿನ ಕೋಣೆಯಲ್ಲಿ ಕೂತು ಕಳೆಯಬೇಕಾಗಿರಲಿಲ್ಲ.

ಆದದ್ದಿಷ್ಟು. ನನ್ನ ಬ್ಯಾಗಿನಲ್ಲಿ ಕಾಫಿಪುಡಿ ಇತ್ತು, ಕಾಳುಮೆಣಸಿತ್ತು, ನಿಂಬೆಹಣ್ಣಿನ ಉಪ್ಪಿನಕಾಯಿ ಇತ್ತು. ಉಪ್ಪಿನಕಾಯಿಯ ಪಕ್ಕದಲ್ಲಿ ಅಂಥದ್ದೇ ಇನ್ನೊಂದು ಬಾಟಲಿಯಲ್ಲಿ, ಇಲ್ಲಿಯವರಿಗೆ ತೋರಿಸಲೆಂದು ತಂದ ನಮ್ಮೂರಿನ ಮಣ್ಣಿತ್ತು. ಕಸ್ಟಮ್ಸಿನ ಹುಡುಗ ಉಪ್ಪಿನಕಾಯಿಯನ್ನು ಮೂಸಿ ನೋಡಿ ನಕ್ಕು ಪಕ್ಕಕ್ಕಿಟ್ಟ. ಎರಡನೆಯ ಬಾಟಲಿಯನ್ನು ಎತ್ತಿ ಬೆಳಕಿಗೆ ಹಿಡಿದ. ಇದೇನು ಎಂದು ಇಂಗ್ಲಿಷಿನಲ್ಲಿ ಕೇಳಿದ. ನನ್ನ ಇಂಗ್ಲಿಷು ಎಸ್ಸೆಲ್ಸಿಗೆ ನಿಂತದ್ದು. ಆದರೂ ಬಾಯಿ ಸುಮ್ಮನಿರಬೇಕಲ್ಲ! “ಸಾಯಿಲ್ ಸರ್. ಪಾಯ್ಸನ್ ಸಾಯಿಲ್. ಫುಲ್ ಪಾಯ್ಸನ್” ಎಂದೆ, ಬಹಳ ಹೆಮ್ಮೆಯಿಂದ.

ಹುಡುಗ ಬಾಟಲಿಯನ್ನು ಮೆತ್ತಗೆ ಮೇಜಿನ ಮೇಲಿಟ್ಟು ಹಿಂದೆ ಸರಿದ. ಕೈಗವಸು ಹಾಕಿಕೊಂಡ ಇಬ್ಬರು ಎಲ್ಲಿಂದಲೋ ಬಂದರು.

“ನಿಮಗೆ ಹೇಳಿರ್ಲಿಲ್ವಾ ನಾನು, ಮಣ್ಣು ತರಬೇಡಿ ಅಂತ?” ಎಂದು ನನ್ನ ಜೊತೆ ಬಂದಿದ್ದ ಬೆಳ್ಯಪ್ಪ ಸರ್ ತಲೆ ಹಿಡಿದುಕೊಂಡರು. “ಹೊರಗಿನ ಮಣ್ಣು ಇವರ ದೇಶಕ್ಕೆ ಬರೋ ಹಾಗೇ ಇಲ್ಲ. ಅದರ ಮೇಲೆ ನೀವು ವಿಷ ಬೇರೆ ಅಂದ್ರಿ! ಎಂತ ಸಾವು ಮಾರಾಯ್ರೆ ಇದು.”

ಬೆಳ್ಯಪ್ಪ ಸರ್ ಪೊನ್ನಂಪೇಟೆಯಲ್ಲಿ ಕಾಲೇಜು ಮಕ್ಕಳಿಗೆ ಮಣ್ಣಿನ ಪಾಠ ಹೇಳುವ ಮೇಷ್ಟ್ರು. ಅಂಗಿಯ ಇಸ್ತ್ರಿ ಮುರಿಯದ ಹಾಗೆ ವಿಮಾನದಲ್ಲಿ ನಿದ್ದೆ ಮಾಡಿದ ಮನುಷ್ಯ. ಅವರ ವಿದ್ಯೆಯಿಂದಾಗಿಯೇ ಈ ಪ್ರಯಾಣ ಕೂಡಿಬಂದದ್ದು. ಬೆಲ್ಜಿಯಂನಲ್ಲಿ ಹಾಳು ಬಿದ್ದ ಕಾರ್ಖಾನೆಯ ನೆಲವನ್ನು ಶುದ್ಧ ಮಾಡಿ ಮತ್ತೆ ಬಳಸುತ್ತಿದ್ದಾರೆ, ಬಂದು ನೋಡಿ ಎಂದು ಅವರನ್ನು ಕರೆದಿದ್ದರು. ನಿಮ್ಮಲ್ಲಿ ಅಂಥ ನೆಲ ಬಳಸಬೇಕಾದವರೊಬ್ಬರನ್ನೂ ಕರೆತನ್ನಿ ಎಂದು ಬರೆದಿದ್ದರಂತೆ. ಆ ಒಬ್ಬರು ನಾನು.

ನಮ್ಮೂರು ಕುಶಾಲನಗರದಿಂದ ತುಸು ಹೊರಗೆ. ನಮ್ಮ ಮಾವನವರ ಕಾಲದಲ್ಲಿ ಹಾಸನದ ಕಡೆಯಿಂದ ಬಂದು ನೆಲೆಯಾದ ಮನೆ ನಮ್ಮದು. ನಾವು ಹತ್ತು ಹನ್ನೆರಡು ಹೆಂಗಸರು ಸೇರಿ ಕಾಫಿ, ಮೆಣಸಿನ ಸಸಿ ಮಾಡುವ ನರ್ಸರಿ ಇಟ್ಟಿದ್ದೇವೆ. ಜಾಗ ಬಾಡಿಗೆಯದು, ಹೊಳೆಯ ಅಂಚಿನದು. ಮಳೆಗಾಲದಲ್ಲಿ ಕಾವೇರಿ ಏರಿದಳೆಂದರೆ ನಮ್ಮ ಸಸಿಯ ಚೀಲಗಳು ತೇಲಿಕೊಂಡು ಹೋಗುತ್ತವೆ. ನಾವು ದಡದಲ್ಲಿ ನಿಂತು ಬಾಯಿ ಬಡಿದುಕೊಳ್ಳುವುದೊಂದು ವಾರ್ಷಿಕ ಕಾರ್ಯಕ್ರಮ. ಊರಿನಲ್ಲಿ ಎತ್ತರದ ಖಾಲಿ ಜಾಗ ಒಂದೇ ಒಂದು. ಹಿಂದೆ ಅಲ್ಲಿ ಮರದ ಕಂಬಗಳಿಗೆ ಗೆದ್ದಲು ಹಿಡಿಯದಂತೆ ಔಷಧಿ ಕುಡಿಸುವ ಯಾರ್ಡ್ ಇತ್ತು. ಯಾರ್ಡಿನವರು ಬಾಗಿಲು ಹಾಕಿ ಹೋಗಿ ಎಷ್ಟೋ ಕಾಲವಾಯಿತು. ಅಲ್ಲಿ ನರ್ಸರಿ ಮಾಡಿಕೊಳ್ಳಿ ಎಂದು ಪಂಚಾಯ್ತಿ ಹೇಳಿದಾಗ ನಾವು ಸಿಹಿ ಹಂಚಿದ್ದೆವು. ಆಮೇಲೆ ಬೆಳ್ಯಪ್ಪ ಸರ್ ಮಣ್ಣು ಪರೀಕ್ಷೆ ಮಾಡಿದರು. ಕಂಬ ಅದ್ದುತ್ತಿದ್ದ ತೊಟ್ಟಿಯ ಸುತ್ತ ಮಣ್ಣಿನ ತುಂಬ ಆರ್ಸೆನಿಕ್.

ಪಂಚಾಯ್ತಿಯವರು ಹೆದರಿ, ಬೇಲಿ ಹಾಕಿ ಮುಚ್ಚಿಬಿಡೋಣ ಎಂದರು. ನಾವು ಬೆಲ್ಜಿಯಂ ನೋಡಿ ಬರುವ ತನಕ ಕಾಯಿರಿ ಎಂದು ಬೇಡಿಕೊಂಡೆವು. ಹೀಗಾಗಿ ನಾನು ಬಂದದ್ದು ಊರು ನೋಡುವುದಕ್ಕಲ್ಲ. ವಾಪಸ್ ಹೋಗಿ ಸಭೆಯಲ್ಲಿ ಒಂದೇ ಮಾತು ಹೇಳಬೇಕಿತ್ತು, ಆ ನೆಲ ನಮಗೆ ಆಗುತ್ತೋ ಇಲ್ಲವೋ. ಆಗದು ಎಂದರೆ ನರ್ಸರಿಯ ಕಥೆ ಮುಗಿದ ಹಾಗೆ. ಇನ್ನೊಂದು ಮಳೆಗಾಲ ತಡೆಯುವ ಶಕ್ತಿ ನಮ್ಮಲ್ಲಿ ಯಾರಿಗೂ ಇರಲಿಲ್ಲ.

ಕೊನೆಗೆ ಕಸ್ಟಮ್ಸಿನವರು ಬಾಟಲಿಯನ್ನು ಎರಡು ಕವರಿನೊಳಗೆ ಹಾಕಿ ಒಯ್ದು ನಮ್ಮನ್ನು ಬಿಟ್ಟರು. ನಮ್ಮೂರಿನ ವಿಷಕ್ಕೆ ಅಷ್ಟು ಮರ್ಯಾದೆ ಸಿಕ್ಕಿದ್ದು ಅದೇ ಮೊದಲು. ಉಪ್ಪಿನಕಾಯಿ ಮಾತ್ರ ನನ್ನ ಬಳಿಯೇ ಉಳಿಯಿತು.

ಯೋಸ್ ಅಜ್ಜನ ಮನೆ

ರೈಲು ನಮ್ಮನ್ನು ಉತ್ತರದ ಕೆಂಪನ್ ಎಂಬ ಸೀಮೆಗೆ ತಂದಿಳಿಸಿತು. ಗುಡ್ಡ ಅಂತ ಒಂದು ಹುಡುಕಿದರೂ ಸಿಗದು. ಚಪ್ಪಟೆ ನೆಲ, ಮರಳು ಮಣ್ಣು, ಪೈನ್ ಮರ, ಮೇಲೆ ಬೂದಿ ಬಣ್ಣದ ಆಕಾಶ. ಮಳೆ ಹನಿಯುತ್ತಿತ್ತು. ನಮ್ಮನ್ನು ಕರೆದುಕೊಂಡು ಹೋಗಲು ಬಂದ ಅಜ್ಜ, “ಕ್ಷಮಿಸಿ, ಹವಾಮಾನ ಬಹಳ ಕೆಟ್ಟದಾಗಿದೆ” ಎಂದು ಸರ್ ಹತ್ತಿರ ಹೇಳಿದನಂತೆ. ನನಗೆ ನಗು ತಡೆಯಲಾಗಲಿಲ್ಲ. ಭಾಗಮಂಡಲದ ಮಳೆಯಲ್ಲಿ ಈ ಅಜ್ಜನನ್ನು ಒಂದು ದಿನ ನಿಲ್ಲಿಸಿದರೆ ಏನು ಹೇಳಿಯಾನು!

ಅಜ್ಜನ ಹೆಸರು ಯೋಸ್. ಒಂದು ಕಾಲದಲ್ಲಿ ಅಲ್ಲಿನ ಸತುವಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವನು. ಈಗ ಮನೆಯ ಎರಡು ಕೋಣೆಯನ್ನು ಬಂದವರಿಗೆ ಕೊಡುತ್ತಾನೆ. ಎತ್ತರದ ಆಳು, ಬಾಗಿಲಲ್ಲಿ ತಲೆ ಬಗ್ಗಿಸಿಯೇ ಓಡಾಡುತ್ತಾನೆ. ರಸ್ತೆಯಲ್ಲಿ ಹೋಗುವಾಗ ಒಂದು ಕಡೆ ಕೆಂಪು ದೀಪ ಬಂತು. ಎಡಕ್ಕೂ ಬಲಕ್ಕೂ ಕಣ್ಣು ಹಾಯುವಷ್ಟು ದೂರ ಒಂದು ನಾಯಿಯೂ ಇಲ್ಲ. ಅಜ್ಜ ಮಾತ್ರ ಕೈ ಹಿಂದೆ ಕಟ್ಟಿ ನಿಂತೇ ನಿಂತ. ಕುಶಾಲನಗರದ ಸರ್ಕಲ್ಲಿನಲ್ಲಿ ಹೀಗೆ ನಿಂತರೆ ಹಿಂದಿನವರು ಹಾರ್ನ್ ಹೊಡೆದು ಕಿವಿ ಕಿತ್ತು ಹಾಕುತ್ತಾರೆ.

ಮನೆಗೆ ಹೋದ ಕೂಡಲೇ ಕಾಫಿ ಕೊಟ್ಟ. ಒಂದು ಲೋಟ ಕರಿ ನೀರು, ಜೊತೆಗೆ ಒಂದು ಬಿಸ್ಕತ್ತು. ಒಂದೇ ಒಂದು! ಡಬ್ಬಿ ಮುಚ್ಚಿ ಕಪಾಟಿನಲ್ಲಿಟ್ಟ. ಕೊಡಗಿನಿಂದ ಬಂದವಳಿಗೆ ಆ ಕಾಫಿ ಕೊಡುವುದೆಂದರೆ ಬಹಳ ಧೈರ್ಯ ಬೇಕು. ಮರುದಿನ ನಾನೇ ಅಡಿಗೆಮನೆಗೆ ನುಗ್ಗಿ ನಮ್ಮ ಪುಡಿ ಹಾಕಿ, ಹಾಲು ಬೆಲ್ಲ ಹಾಕಿ ಕುದಿಸಿ ಕೊಟ್ಟೆ. ಅಜ್ಜ ಒಂದು ಗುಟುಕು ಕುಡಿದು ಕೆಮ್ಮಿದ, ಕಣ್ಣಲ್ಲಿ ನೀರು ಬಂತು. ಲೋಟ ಖಾಲಿ ಮಾಡಿ ಇನ್ನೊಂದು ಸಲ ಮುಂದೆ ಚಾಚಿದ. ಅವತ್ತಿನಿಂದ ಬಿಸ್ಕತ್ತಿನ ಡಬ್ಬಿ ಮೇಜಿನ ಮೇಲೆಯೇ ಇತ್ತು.

ನನಗೆ ಹುಚ್ಚು ಹಿಡಿಸಿದ್ದು ಅಜ್ಜನ ಹಿತ್ತಲು. ಹಿತ್ತಲಿನ ತುಂಬ ಮರದ ಪೆಟ್ಟಿಗೆಗಳು, ಸೊಂಟದೆತ್ತರದವು. ಅದರೊಳಗೆ ಸೊಪ್ಪು, ಈರುಳ್ಳಿ ತರದ ಲೀಕ್ ಎಂಬ ಗಿಡ, ಕ್ಯಾರೆಟ್. ಕೆಳಗೆ ನೆಲದಲ್ಲಿ ಬರೀ ಹೂವು. ಕಾರಣ ಕೇಳಿದರೆ ಅಜ್ಜ ಕಾಲಿನಿಂದ ನೆಲ ತಟ್ಟಿ ತೋರಿಸಿದ. ಕಾರ್ಖಾನೆಯ ಬೂದಿಯನ್ನು ಒಂದು ಕಾಲದಲ್ಲಿ ಊರಿನ ರಸ್ತೆಗೆ, ಅಂಗಳಕ್ಕೆಲ್ಲ ಹಾಕುತ್ತಿದ್ದರಂತೆ. ಗಟ್ಟಿ ಕೂರುತ್ತಿತ್ತು, ಕೆಸರಾಗುತ್ತಿರಲಿಲ್ಲ, ಎಲ್ಲರಿಗೂ ಖುಷಿಯೋ ಖುಷಿ. ಆಮೇಲೆ ಗೊತ್ತಾಯಿತು, ಅದರಲ್ಲಿ ಕ್ಯಾಡ್ಮಿಯಂ ಎಂಬ ಲೋಹ ಇದೆ, ಅದು ಸೊಪ್ಪಿನ ಮೂಲಕ ಹೊಟ್ಟೆಗೆ ಬರುತ್ತದೆ ಎಂದು.

“ತಿನ್ನೋದು ಪೆಟ್ಟಿಗೇಲಿ, ನೋಡೋದು ನೆಲದಲ್ಲಿ ಅಂತಾನೆ” ಎಂದು ಸರ್ ಕನ್ನಡಕ್ಕೆ ತಂದರು.

ನಾನು ಆ ಪೆಟ್ಟಿಗೆಗಳನ್ನೇ ನೋಡುತ್ತಾ ನಿಂತೆ. “ಸರ್, ನಮ್ಮ ಸಸಿಗಳೂ ಚೀಲದಲ್ಲೇ ಬೆಳೆಯೋದಲ್ವಾ? ನೆಲಕ್ಕೆ ತಾಗೋದೇ ಬೇಡ. ಅಟ್ಟಣಿಗೆ ಮಾಡಿ ಅದರ ಮೇಲಿಟ್ಟರೆ?”

“ಸಾವಿತ್ರಮ್ಮ, ಸ್ವಲ್ಪ ತಡೀರಿ. ಇನ್ನೂ ಕಾರ್ಖಾನೆಯನ್ನೇ ನೋಡಿಲ್ಲ” ಎಂದರು. ಆದರೆ ಅವರ ಕಣ್ಣೂ ಮಿನುಗಿದ್ದು ನಾನು ನೋಡಿದೆ.

ಕಾರ್ಖಾನೆ ಇದ್ದ ಜಾಗ

ನಮಗೆ ಎಲ್ಲ ತೋರಿಸಬೇಕಾಗಿದ್ದವಳು ಲೀವ ಎಂಬ ಎಂಜಿನಿಯರಮ್ಮ. ಎಂಜಿನಿಯರ್ ಎಂದರೆ ಜೀಪಿನಲ್ಲಿ ಬರುತ್ತಾಳೆ ಎಂದುಕೊಂಡಿದ್ದೆ. ಸೈಕಲ್ಲಿನಲ್ಲಿ ಬಂದಳು, ಮಂಡಿಯ ತನಕ ಕೆಸರು. ನನ್ನ ಕೈ ಹಿಡಿದು ಕುಲುಕಿ, ಸೀರೆಯ ಮೇಲೆ ತೊಟ್ಟಿದ್ದ ನನ್ನ ಸ್ವೆಟರನ್ನು ನೋಡಿ, ಚಳಿಯಾ ಎಂದು ಕೇಳಿ, ನನ್ನ ಉತ್ತರಕ್ಕೆ ಕಾಯದೆ ತನ್ನ ಕೋಟು ಬಿಚ್ಚಿ ಕೊಟ್ಟಳು. ನನಗೆ ಅವಳು ಆ ಕ್ಷಣವೇ ಇಷ್ಟವಾಗಿಬಿಟ್ಟಳು.

ಜಾಗ ಎಂದರೆ ಅಂತಿಂಥ ಜಾಗವಲ್ಲ, ನಮ್ಮ ಇಡೀ ಊರನ್ನು ಮಡಿಸಿ ಅದರ ಒಂದು ಮೂಲೆಯಲ್ಲಿಡಬಹುದು. ಒಂದು ಕಡೆ ಹುಡುಗರು ಫುಟ್‌ಬಾಲ್ ಆಡುತ್ತಿದ್ದರು. ಅದೂ ಮೊದಲು ಕಾರ್ಖಾನೆಯ ಅಂಗಳವೇ, ಮೇಲಿನ ಮಣ್ಣು ತೆಗೆದು ಹೊಸ ಮಣ್ಣು ಹಾಕಿದ್ದಂತೆ. ಇನ್ನೊಂದು ಕಡೆ ಕಾರು ನಿಲ್ಲಿಸುವ ಜಾಗ, ಅದರಡಿ ಎಲ್ಲಕ್ಕಿಂತ ಕೆಟ್ಟ ಮಣ್ಣನ್ನು ನೀರು ಇಳಿಯದ ಹಾಗೆ ಮುಚ್ಚಿ ಭದ್ರ ಮಾಡಿದ್ದಾರೆ. ಮಣ್ಣು ಹೇಗಿದೆ ಎಂದು ನೋಡಿ ಅದರ ಮೇಲೆ ಏನು ಮಾಡಬೇಕು ಎಂದು ಗೊತ್ತು ಮಾಡುತ್ತೇವೆ ಎಂದಳು ಲೀವ. ನಾವು ಊರಲ್ಲಿ ಉಲ್ಟಾ ಮಾಡಿದ್ದೆವು. ಮೊದಲು ನರ್ಸರಿ ಎಂದು ಗೊತ್ತು ಮಾಡಿ ಆಮೇಲೆ ಮಣ್ಣು ನೋಡಿದ್ದೆವು.

ಮಣ್ಣು ತೊಳೆಯುವ ಯಂತ್ರ ನೋಡಿದಾಗಲಂತೂ ನಾನು ಕೂಗಿಯೇಬಿಟ್ಟೆ. ನಮ್ಮ ಕಾಫಿ ಪಲ್ಪರ್ ಇದೆಯಲ್ಲ, ಹಣ್ಣು ಹಾಕಿದರೆ ಸಿಪ್ಪೆ ಒಂದು ಕಡೆ, ಬೀಜ ಇನ್ನೊಂದು ಕಡೆ, ನೀರು ಮತ್ತೊಂದು ಕಡೆ ಬರುತ್ತದಲ್ಲ, ಅದರ ಅಪ್ಪ ಇದು! ಮಣ್ಣು ಸುರಿಯುತ್ತಾರೆ, ನೀರು ಹಾಯಿಸುತ್ತಾರೆ, ಒಂದು ಕಡೆ ತೊಳೆದ ಮರಳು ಬರುತ್ತದೆ, ಇನ್ನೊಂದು ಕಡೆ ವಿಷ ಹಿಡಿದ ನುಣ್ಣನೆಯ ಕೆಸರು ಬರುತ್ತದೆ. ತೊಳೆದ ಮರಳನ್ನು ನಾನು ಕೈಯಲ್ಲಿ ಹಿಡಿದು ನೋಡಿದೆ. ಅಯ್ಯೋ, ನಮ್ಮೂರಿಗೂ ಇದೊಂದು ಬಂದರೆ ಎಂದು ಆಸೆಯಾಯಿತು.

“ಇದನ್ನ ಸಾಗಿಸೋಕೇ ಲಾರಿಗಳ ಸಾಲು ಬೇಕಂತೆ” ಎಂದು ಸರ್ ಪಿಸುಗುಟ್ಟಿದರು. “ಆಮೇಲೆ ಕರೆಂಟು, ನೀರು, ಆಳು. ನಮ್ಮ ಪಂಚಾಯ್ತಿಗೆ ಬೋರ್‌ವೆಲ್ಲಿನ ಮೋಟಾರು ರಿಪೇರಿ ಮಾಡ್ಸೋಕೇ ಆಗ್ತಿಲ್ಲ.”

ಮಾತು ಸರಿಯೇ. ನನ್ನ ಮುಖ ಬಾಡಿತು. ಅಷ್ಟು ದೂರ ಹೋಗಿ, ನಮ್ಮಿಂದಾಗದ್ದನ್ನು ನೋಡಿ ಬರುವುದಾದರೆ ಹೋಗಿದ್ದೇಕೆ? ಸಂಜೆ ಅಜ್ಜನ ಮನೆಯಲ್ಲಿ ಆರು ಗಂಟೆಗೇ ಬ್ರೆಡ್ಡು ಬಡಿಸಿದರೆ ನಾನು ಒಂದು ತುಂಡನ್ನೂ ಮುಗಿಸಲಿಲ್ಲ. ಅಜ್ಜ ಹೆದರಿ ಬಿಸ್ಕತ್ತಿನ ಡಬ್ಬಿಯನ್ನು ನನ್ನ ಕಡೆ ತಳ್ಳಿದ.

ವಿಲ್ಲೋ ಸಾಲುಗಳು

ಹೊರಡುವಾಗ ಲೀವ ಒಂದು ಮಾತು ಹೇಳಿದ್ದಳು, ನಾಳೆ ನಿಧಾನದ ದಾರಿ ತೋರಿಸುತ್ತೇನೆ ಎಂದು.

ನಿಧಾನದ ದಾರಿ ಎಂದರೆ ಮರಗಳು! ಕಾರ್ಖಾನೆಯ ಹಿಂಬದಿಯ ಬಯಲಿನಲ್ಲಿ ಸಾಲು ಸಾಲಾಗಿ ವಿಲ್ಲೋ ಗಿಡ ನೆಟ್ಟಿದ್ದರು. ದುಬಾರೆಯ ಹೊಳೆದಂಡೆಯಲ್ಲಿ ನೀರವಂಜಿ ಮರ ಇರುತ್ತದಲ್ಲ, ಅದರ ನೆಂಟರು. ಬುಡದಿಂದ ಹತ್ತಾರು ಕೋಲು ಎದ್ದು ನಿಂತಿದ್ದವು. ಅಕ್ಟೋಬರ್ ಆದ್ದರಿಂದ ಎಲೆ ಹಳದಿಯಾಗಿ ಉದುರುತ್ತಿತ್ತು. ಏಳೆಂಟು ಜನ ಕೆಲಸದವರು ಕುಂಟೆಯಂಥ ಬಾಚಣಿಗೆ ಹಿಡಿದು ಎಲೆ ಬಾಚಿ, ಕಡಿದ ರೆಂಬೆಗಳ ಜೊತೆಗೆ ಟಾರ್ಪಾಲಿನ ಮೇಲೆ ರಾಶಿ ಹಾಕುತ್ತಿದ್ದರು. ಲೀವ ಎಲ್ಲ ವಿವರಿಸಲು ಬಾಯಿ ತೆರೆದಳು, ಅಷ್ಟರಲ್ಲಿ ಅವಳಿಗೆ ಫೋನು ಬಂತು. ಕೆಲಸದವರಿಗೂ ಕಾಫಿ ಹೊತ್ತಾಯಿತು. ಎಲ್ಲರೂ ಶೆಡ್ಡಿನ ಕಡೆ ಹೋದರು. ನಾವಿಬ್ಬರೇ ಉಳಿದೆವು.

ನಾನು ಮರದ ಬುಡಗಳನ್ನು ನೋಡಿದೆ. ಬರಿ ನೆಲ! ಒಂದು ಎಲೆ ಇಲ್ಲದ ಹಾಗೆ ಬಾಚಿದ್ದಾರೆ. ಚಳಿಗಾಲ ಬರುತ್ತಿದೆ, ಬುಡಕ್ಕೆ ಹೊದಿಕೆ ಬೇಡವೇ? ಪಕ್ಕದಲ್ಲಿ ಅಷ್ಟೊಂದು ತರಗೆಲೆ ದಂಡವಾಗಿ ಬಿದ್ದಿದೆ. ಕಾಫಿ ತೋಟದಲ್ಲಿ ಕೆಲಸ ಮಾಡಿದವರಿಗೆ ಇದನ್ನು ನೋಡಿ ಸುಮ್ಮನೆ ನಿಲ್ಲಲು ಆಗುತ್ತದೆಯೇ? ಕಾಡು, ಅಂದರೆ ಕಳೆ, ಕಡಿದರೆ ಅಲ್ಲೇ ಬುಡಕ್ಕೆ, ಗಿಡದ ರೆಂಬೆ ಕಪಾತು ಮಾಡಿದರೆ ಅಲ್ಲೇ ಬುಡಕ್ಕೆ. ತೋಟದ ಎಲೆ ತೋಟದಿಂದ ಆಚೆ ಹೋಗಬಾರದು, ಹೋದರೆ ಸಿರಿಯೇ ಹೋದ ಹಾಗೆ ಎಂದು ಕಲಿತ ಕೈ ಇದು.

“ಪಾಪ, ಇವರಿಗೆ ಗೊತ್ತಿಲ್ಲ ಅಂತ ಕಾಣ್ತದೆ ಸರ್” ಎಂದೆ.

“ಅಲ್ವಾ? ನಂಗೂ ಅದೇ ಅನ್ನಿಸ್ತಿತ್ತು” ಎಂದು ಸರ್ ಅಂಗಿಯ ತೋಳು ಮಡಿಸಿದರು. ಇಸ್ತ್ರಿ ಹಾಳಾಗುವುದನ್ನೂ ಲೆಕ್ಕಿಸದೆ!

ಇಬ್ಬರೂ ಸೇರಿ ತಬ್ಬು ತಬ್ಬು ಎಲೆ ಎತ್ತಿ ಬುಡಬುಡಕ್ಕೆ ಹರಡಿದೆವು. ರೆಂಬೆ ಮುರಿದು ಅದರ ಮೇಲೆ ಹೊದಿಸಿದೆವು. ಒಂದು ಸಾಲು ಮುಗಿಸಿ ಎರಡನೆಯದಕ್ಕೆ ಹೋದೆವು. ಬೆವರು ಹತ್ತಿ ನಾನು ಲೀವಳ ಕೋಟು ಬಿಚ್ಚಿ ಗಿಡಕ್ಕೆ ನೇತುಹಾಕಿದೆ. ಎಷ್ಟೋ ದಿನದ ಮೇಲೆ ಕೈಗೆ ಕೆಲಸ ಸಿಕ್ಕಿ ಮೈ ಹಗುರವಾಗಿತ್ತು. ಇವರಿಗೆ ನಮ್ಮಿಂದ ಇಷ್ಟಾದರೂ ಉಪಕಾರವಾಗಲಿ ಎಂದು ಮಾತಾಡಿಕೊಂಡೆವು.

“ನೋ! ನೋ ನೋ ನೋ!”

ಲೀವ ಓಡಿ ಬರುತ್ತಿದ್ದಳು, ಎರಡೂ ಕೈ ಮೇಲೆತ್ತಿ. ಮುಖ ಕೆಂಪಗೆ. ನಾನು ಹಾವು ಬಂತೇನೋ ಎಂದು ಎಲೆ ಬಿಟ್ಟು ಹಾರಿದೆ.

ಅವಳು ಹೇಳಿದ್ದು ಇಷ್ಟು. ಈ ಮರಗಳನ್ನು ನೆಟ್ಟಿರುವುದೇ ನೆಲದ ಕ್ಯಾಡ್ಮಿಯಂ ಹೀರಲಿ ಎಂದು. ಹೀರಿದ್ದೆಲ್ಲ ಎಲೆಗೆ, ರೆಂಬೆಗೆ ಬಂದು ಕೂರುತ್ತದೆ. ಅದನ್ನು ಕಡಿದು ಬಾಚಿ ಜಾಗದಿಂದ ಹೊರಗೆ ಸಾಗಿಸಿದರೆ ಅಷ್ಟು ವಿಷ ಹೊರಗೆ ಹೋಯಿತು. ಬುಡಕ್ಕೆ ಹಾಕಿದರೆ ಮರ ವರ್ಷವೆಲ್ಲ ಪಟ್ಟ ಕಷ್ಟ ಮತ್ತೆ ಮಣ್ಣುಪಾಲು.

ಸರ್ ಮುಖ ನೋಡಬೇಕಿತ್ತು. “ಅಯ್ಯೋ, ಇದನ್ನ ನಾನೇ ಪಾಠ ಮಾಡ್ತೀನಲ್ಲಾ! ಹುಡುಗರಿಗೆ ಪ್ರಶ್ನೆ ಬೇರೆ ಕೊಡ್ತೀನಿ. ಎಲೆ ಕಂಡ ಕೂಡ್ಲೇ ಕೈ ತಾನೇ ಹೋಗಿಬಿಡ್ತು ಸಾವಿತ್ರಮ್ಮ!” ಎಂದು ತಲೆ ಚಚ್ಚಿಕೊಂಡರು.

ನಾವು ಯಾಕೆ ಹಾಗೆ ಮಾಡಿದೆವು ಎಂದು ಅವರು ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದಾಗ ಲೀವಳ ಕೋಪ ನಗುವಿಗೆ ತಿರುಗಿತು. ಶೆಡ್ಡಿನಿಂದ ಕೆಲಸದವರೂ ಬಂದು ನೋಡಿ ಹೊಟ್ಟೆ ಹಿಡಿದು ನಕ್ಕರು. ಎಲ್ಲರೂ ಸೇರಿ ಎಲೆಯನ್ನು ಮತ್ತೆ ಬಾಚಿದೆವು. ನಾನಂತೂ ಒಂದೊಂದು ಎಲೆಯನ್ನೂ ಬೆರಳಲ್ಲಿ ಹೆಕ್ಕಿದೆ. ನಾಚಿಕೆ ಒಂದು ಕಡೆ, ಖುಷಿ ಇನ್ನೊಂದು ಕಡೆ. ಯಂತ್ರ ಬೇಡ, ಲಾರಿ ಬೇಡ, ಗಿಡ ನೆಡುವುದು ಮತ್ತು ಕಡಿಯುವುದು! ಇದು ನಮಗೆ ಬರುವ ಕೆಲಸ ಅಲ್ಲವೇ?

“ಆದ್ರೆ ವಿಲ್ಲೋ ಆರ್ಸೆನಿಕ್ಕಿಗೆ ಆಗೋದಿಲ್ಲ” ಎಂದರು ಸರ್. ಲೀವ ಅದಕ್ಕೂ ಒಂದು ಇದೆ ಎಂದು ನಮ್ಮನ್ನು ಎಳೆದುಕೊಂಡು ಹೋದಳು.

ಗಾಜಿನ ಮನೆ

ಗಾಜಿನ ಮನೆಯೊಳಗೆ ಹೋದದ್ದೇ ತಡ, ಬೆಚ್ಚಗೆ ಊರಿನ ಹವೆ ಬಡಿಯಿತು. ಹೀಟರ್ ಉರಿಯುತ್ತಿತ್ತು. ನೀರು ಹೊಗೆಯ ಹಾಗೆ ಸಿಂಪಡಿಸುವ ನಲ್ಲಿಗಳು. ಮಧ್ಯೆ ಉದ್ದದ ಮೇಜಿನ ಮೇಲೆ ಕುಂಡಗಳು, ಕುಂಡದಲ್ಲಿ ಮಗುವನ್ನು ಸಾಕಿದ ಹಾಗೆ ಸಾಕಿದ ಜರಿಗಿಡಗಳು. ಇವು ಬೆಚ್ಚಗಿನ ದೇಶದವು, ಇಲ್ಲಿ ಹೊರಗಿಟ್ಟರೆ ಚಳಿಗೆ ಸಾಯುತ್ತವೆ, ಆರ್ಸೆನಿಕ್ಕನ್ನು ನೀರು ಕುಡಿದ ಹಾಗೆ ಕುಡಿದು ಎಲೆಗೆ ತುಂಬಿಕೊಳ್ಳುತ್ತವೆ ಎಂದಳು ಲೀವ.

ನಾನು ಹತ್ತಿರ ಹೋಗಿ ಬಗ್ಗಿ ನೋಡಿದೆ. ಉದ್ದನೆಯ ಗರಿ, ಎರಡೂ ಕಡೆ ಪಟ್ಟಿ ಪಟ್ಟಿ ಎಲೆ, ಅಂಚಿನಲ್ಲಿ ಕಂದು ಗೆರೆ. ನಾವು ಪಲ್ಯ ಮಾಡುವ ಜಾತಿಯದಲ್ಲ, ಗೋಡೆ ಸಂದಿಯಲ್ಲಿ, ಮೋರಿ ಪಕ್ಕದಲ್ಲಿ ಯಾರೂ ಕೇಳದೆ ಬೆಳೆಯುವಂಥದ್ದು.

“ಸರ್! ಇದು ನಮ್ಮ ಯಾರ್ಡಿನದು! ತೊಟ್ಟಿ ಸುತ್ತ ಸೊಂಟದೆತ್ತರ ಬೆಳೆದಿದೆಯಲ್ಲಾ, ಅದೇ ಇದು! ದೇವರಾಣೆ ಅದೇ!”

ಸರ್ ಕನ್ನಡಕ ಏರಿಸಿ ಎಲೆ ತಿರುಗಿಸಿ ನೋಡಿದರು. “ಹೌದಲ್ರೀ… ಅದೇ. ನಾನು ಕೆಳಗೆ ಮಣ್ಣು ನೋಡ್ತಾ ಕೂತಿದ್ದೆ, ಮೇಲೆ ತಲೆ ಎತ್ತಲೇ ಇಲ್ಲ.”

ನಾನು ಲೀವಳನ್ನು ತಬ್ಬಿ ಕುಣಿದೆ. ಅವಳಿಗೆ ಅರ್ಥವಾಗದಿದ್ದರೂ ಅವಳೂ ಕುಣಿದಳು. ಇವರು ಹೀಟರ್ ಹಾಕಿ, ಮಂಜು ಸುರಿಸಿ ಮುದ್ದು ಮಾಡುವ ಗಿಡ ನಮ್ಮಲ್ಲಿ ಕರೆಯದೆ ಬಂದು ಕೂತು ಕೆಲಸ ಶುರು ಮಾಡಿದೆ! ಇನ್ನೇನು ಬೇಕು? ಆ ಗಿಡ ತೋರಿಸಲೇಬೇಕೆಂದು ಅಲ್ಲಿಂದಲೇ ರತ್ನಳಿಗೆ ವಿಡಿಯೋ ಕಾಲ್ ಮಾಡಿದೆ.

ರತ್ನ ನಮ್ಮ ನರ್ಸರಿಯ ಗೊಬ್ಬರದ ಉಸ್ತುವಾರಿ. ಭಾಗಮಂಡಲದ ಕಡೆಯ ಗೌಡರ ಮಗಳು, ಖುಷಿಯಾದಾಗ ಬಾಯಲ್ಲಿ ತವರಿನ ಅರೆಭಾಷೆ ಬರುತ್ತದೆ. ಸಗಣಿ, ಕಾಫಿ ಸಿಪ್ಪೆ, ಸೊಪ್ಪು ಸೇರಿಸಿ ಅವಳು ಮಾಡುವ ಗೊಬ್ಬರಕ್ಕೆ ಸುತ್ತಮುತ್ತ ಹೆಸರಿದೆ. ಅದನ್ನು ಮಣ್ಣಿಗೆ ಬೆರೆಸಿಯೇ ನಾವು ಸಸಿಯ ಚೀಲ ತುಂಬುವುದು.

“ಎಂಥ ಚೆಂದ ಉಟ್ಟು ಮಾರಾಯ್ತಿ ಆ ಮನೆ!” ಎಂದು ಫೋನಿನೊಳಗಿಂದ ಕೂಗಿದಳು. ಉಟ್ಟು ಎಂದರೆ ಇದೆ ಎಂದು. ನಾನು ಜರಿಗಿಡದ ಮೇಲೆ ಫೋನು ಹಿಡಿದು, ಇದು ಯಾವುದು ಹೇಳು ನೋಡೋಣ ಎಂದೆ.

“ಅದಾ? ನಮ್ಮ ಯಾರ್ಡಿಂದು ಅಲ್ವಾ? ಅದನ್ನ ಮೊನ್ನೆ ಪೂರ್ತಿ ಕಡಿದಾಯ್ತು! ನೀನು ಬರೋದ್ರೊಳಗೆ ಜಾಗ ಕ್ಲೀನ್ ಮಾಡಿ ನಿಂಗೆ ಸರ್ಪ್ರೈಸ್ ಕೊಡೋಣ ಅಂತ ಕೀಲಿ ಇಸ್ಕೊಂಡು ಎಲ್ರೂ ಹೋಗಿದ್ವಿ. ಎಂಥ ಸೊಪ್ಪು ಗೊತ್ತಾ, ಒಂದು ಎಲೆ ಬಿಡ್ದೆ ಗೊಬ್ಬರಕ್ಕೆ ಹಾಕಿದೆ. ರಾಶಿ ತಿರುಗಿಸಿ ಬೆರೆಸಿಯೂ ಆಯ್ತು.”

ಅವಳು ನಗುತ್ತಿದ್ದಳು. ನಾನು ಫೋನನ್ನು ಗಿಡದಿಂದ ನನ್ನ ಮುಖದ ಕಡೆ ತಿರುಗಿಸಿದೆ.

“ರತ್ನಾ, ಆ ಗೊಬ್ಬರ ಚೀಲಕ್ಕೆ ತುಂಬಿದ್ದೀರಾ?”

“ಇಲ್ಲ, ಸೋಮವಾರದಿಂದ ಶುರು ಮಾಡೋದು ಅಂತ. ಯಾಕೆ?”

“ತುಂಬಬೇಡಿ. ಮುಟ್ಟಬೇಡಿ. ಅದರ ತುಂಬ ವಿಷ ಇದೆ ಕಣೇ.”

ಜರಿ ಏನು ಮಾಡುತ್ತದೆ ಎಂದು ಅವಳಿಗೆ ಬಿಡಿಸಿ ಹೇಳಿದೆ. ಅವಳು ಸಿಟ್ಟಿನಿಂದ, “ಮಣ್ಣು ಮುಟ್ಟಬೇಡಿ ಅಂದಿದ್ರು ಸರ್. ಸೊಪ್ಪು ಮುಟ್ಟಬೇಡಿ ಅಂತ ಯಾರು ಹೇಳಿದ್ರು?” ಎಂದಳು. ಸರ್ ಪಕ್ಕದಲ್ಲೇ ನಿಂತು ಕೇಳಿಸಿಕೊಂಡರು. “ನಾನೇ ಹೇಳಬೇಕಿತ್ತು ರತ್ನಮ್ಮ, ಹೊಳೀಲಿಲ್ಲ” ಎಂದರು.

“ಇಡೀ ವರ್ಷದ್ದಲ್ವಾ ಸರ್ ಅದು. ಹೋಗಲಿ, ಸುಟ್ಟುಬಿಡ್ಲಾ?”

“ಬೇಡ ಬೇಡ, ಸುಟ್ಟರೆ ಹೊಗೇಲಿ ಬರ್ತದೆ! ಕೈಗವಸು ಹಾಕ್ಕೊಂಡು, ಮೂಗಿಗೆ ಬಟ್ಟೆ ಕಟ್ಕೊಂಡು ವಾಪಸ್ ಯಾರ್ಡಿನ ಸಿಮೆಂಟ್ ಕಟ್ಟೆ ಮೇಲೆ ಹಾಕಿ, ಟಾರ್ಪಾಲ್ ಮುಚ್ಚಿಡಿ. ನಾನು ಬಂದು ಪರೀಕ್ಷೆ ಮಾಡ್ತೀನಿ. ಊಹೆ ಮೇಲೆ ಎಸೆಯೋದು ಬೇಡ.”

ಲೀವಳಿಗೆ ವಿಷಯ ತಿಳಿಸಿದೆವು. ಅವಳು ನನ್ನ ಬೆನ್ನು ಸವರಿದಳು. ಆಮೇಲೆ ಕುರ್ಚಿ ಎಳೆದು ಕೂರಿಸಿ, ಜರಿಗಿಡವನ್ನು ಹೇಗೆ ಕಡಿಯಬೇಕು, ಕಡಿದದ್ದನ್ನು ಡ್ರಮ್ಮಿಗೆ ಹಾಕಿ ಮುಚ್ಚಿ ವಿಷದ ಕಸ ಒಯ್ಯುವವರಿಗೆ ಹೇಗೆ ಕೊಡಬೇಕು ಎಂದೆಲ್ಲ ಹೇಳಿಕೊಟ್ಟಳು. ನಮ್ಮ ಯಾರ್ಡಿನ ಅಂಚಿನ ಒಳ್ಳೆಯ ನೆಲದಲ್ಲಿ ಜಲ್ಲಿ ಹಾಸಿ ಅಟ್ಟಣಿಗೆಯ ಮೇಲೆ ಚೀಲ ಇಡಬಹುದು ಎಂದಳು. ತೊಟ್ಟಿಯ ಸುತ್ತಿನದು ಎಷ್ಟು ವರ್ಷಕ್ಕೆ ಶುದ್ಧವಾಗುತ್ತದೆ ಎಂದು ನಾನು ಕೇಳಿದೆ. ಅವಳು ಸುಳ್ಳು ಹೇಳಲಿಲ್ಲ. ನೀನು ನೋಡಲಿಕ್ಕಿಲ್ಲ ಎಂದಳು.

ಊರು

ಯೋಸ್ ಅಜ್ಜನಿಗೆ ಉಳಿದ ಕಾಫಿಪುಡಿಯನ್ನೆಲ್ಲ ಕೊಟ್ಟು, ಅವನ ಕೆನ್ನೆ ತಟ್ಟಿ ಬಂದೆ.

ಊರಿಗೆ ಬಂದವಳು ಚೀಲವನ್ನೂ ಇಳಿಸದೆ ಯಾರ್ಡಿಗೆ ಹೋದೆ. ಗೇಟಿಗೆ ಬೀಗ. ಗೊಬ್ಬರದ ಸುದ್ದಿ ಕೇಳಿ ಪಂಚಾಯ್ತಿಯವರು ಕೀಲಿ ಕಿತ್ತುಕೊಂಡಿದ್ದರು. ಗೇಟಿನ ಸಂದಿಯಿಂದ ಟಾರ್ಪಾಲ್ ಮುಚ್ಚಿದ ರಾಶಿ ಕಾಣುತ್ತಿತ್ತು. ತೊಟ್ಟಿಯ ಸುತ್ತ ಕಡಿದ ಬುಡಗಳಿಂದ ಜರಿಯ ಹೊಸ ಸುರುಳಿಗಳು ಆಗಲೇ ತಲೆ ಎತ್ತಿದ್ದವು. ರತ್ನ ಗೇಟಿನ ಹೊರಗೆ ಕಲ್ಲಿನ ಮೇಲೆ ಕೂತಿದ್ದಳು. ನನ್ನನ್ನು ನೋಡಿದರೂ ಏಳಲಿಲ್ಲ. ನಾನು ಪಕ್ಕದಲ್ಲಿ ಕೂತೆ. ಇಬ್ಬರೂ ಅತ್ತೆವು, ಅದರಲ್ಲಿ ಮುಚ್ಚಿಡುವುದೇನಿದೆ?

ಸಭೆಗೆ ಮುಂಚೆ ಸರ್ ಪರೀಕ್ಷೆಯ ಫಲ ತಂದರು. ಗೊಬ್ಬರ ಬಳಸುವ ಹಾಗಿಲ್ಲ.

ಪಂಚಾಯ್ತಿ ಹಾಲಿನಲ್ಲಿ ಜನ ತುಂಬಿದ್ದರು. ನಾನು ಫೋನಿನಲ್ಲಿ ಫೋಟೋಗಳನ್ನು ಸಾಲಾಗಿಟ್ಟುಕೊಂಡು, ಭಾಷಣ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಸರ್ ಪ್ರೊಜೆಕ್ಟರಿನ ವೈರ್ ಹಿಡಿದು ಒದ್ದಾಡುತ್ತಿದ್ದರು, ಅದು ಹೊತ್ತಲಿಲ್ಲ. ಅಧ್ಯಕ್ಷರು ಕಾಯಲಿಲ್ಲ.

“ನೋಡಕ್ಕಾ, ನಿಮ್ಮ ಮೇಲೆ ನಮಗೇನೂ ಬೇಜಾರಿಲ್ಲ” ಎಂದರು ನನಗೆ. “ಆದ್ರೆ ಗೊಬ್ಬರಕ್ಕೇ ವಿಷ ಬಂತು ಅಂದ್ಮೇಲೆ ಇನ್ನು ಆ ಜಾಗದ ಸಹವಾಸ ಬೇಡ. ಬೇಲಿ ಹಾಕಿ ಬೋರ್ಡು ಬರೆಸಿಬಿಡೋಣ.”

ಸಭೆಯಲ್ಲಿ ಹೌದು ಹೌದು ಎಂದು ಗುಜುಗುಜು ಎದ್ದಿತು. ನನ್ನ ಬಾಯಿಪಾಠವೆಲ್ಲ ಮರೆತುಹೋಯಿತು. ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ರತ್ನ ಎದ್ದಳು. ಅವಳು ಸಭೆಯಲ್ಲಿ ಮಾತಾಡಿದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ.

“ಬೇಲಿ ಹಾಕಿ, ಬೇಡ ಅನ್ನೋದಿಲ್ಲ” ಎಂದಳು. “ಆದ್ರೆ ಬೇಲಿ ಒಳಗೆ ಆ ಜರಿ ಬೆಳೀತದೆ. ವಿಷ ಕುಡೀತದೆ. ಒಣಗಿ ಅಲ್ಲೇ ಬೀಳ್ತದೆ. ಕುಡಿದದ್ದೆಲ್ಲಾ ಅಲ್ಲೇ ಕಕ್ತದೆ. ಮಳೆ ಬಂದಾಗ ಕೆಳಗೆ ಹೊಳೆ ಕಡೆ ಇಳೀತದೆ. ಬೇಲಿ ನೋಡ್ಕೊಂಡು ನಿಂತಿರ್ತದೆ ಅಷ್ಟೇ. ಅದನ್ನ ಹೊತ್ತೊತ್ತಿಗೆ ಕಡಿದು ಹೊರಗೆ ಹಾಕೋಕೆ ಯಾರಾದ್ರೂ ಬೇಕಲ್ವಾ? ನಾವಿದ್ದೀವಿ. ಅಂಚಿನ ಒಳ್ಳೆ ಜಾಗ ನಮ್ಮ ಸಸಿಗೆ ಕೊಡಿ, ನಡುವಿನ ಕೆಟ್ಟ ಜಾಗ ನಾವು ನೋಡ್ಕೊಳ್ತೀವಿ.”

ಅಧ್ಯಕ್ಷರು ನನ್ನ ಕಡೆ ತಿರುಗಿ, “ನಡುವಿಂದು ಸರಿ ಆಗೋಕೆ ಎಷ್ಟು ವರ್ಷ ಬೇಕಂತಕ್ಕಾ?” ಎಂದರು.

ಸುಳ್ಳು ಹೇಳುವ ಆಸೆ ಆಯಿತು. ಹೇಳಲಿಲ್ಲ. “ನಮ್ಮ ಕಾಲಕ್ಕೆ ಆಗೋದಿಲ್ಲ” ಎಂದೆ.

“ಮತ್ತೆ? ನಿಮಗೇ ಸಿಗದ ನೆಲಕ್ಕೆ ಯಾಕೆ ರತ್ನಮ್ಮಾ ಇಷ್ಟು ಒದ್ದಾಟ?”

“ನನ್ನ ಒಂದು ವರ್ಷದ ಗೊಬ್ಬರ ತಿಂದಿದೆ ಆ ನೆಲ!” ಎಂದಳು ರತ್ನ, ಸೊಂಟದ ಮೇಲೆ ಕೈಯಿಟ್ಟು. “ಸುಮ್ನೆ ಬಿಡ್ತೀನಾ ನಾನು?”

ಇಡೀ ಸಭೆ ಗೊಳ್ಳೆಂದು ನಕ್ಕಿತು. ಅಧ್ಯಕ್ಷರೂ ನಕ್ಕರು. ಅವಳು ಮಾತ್ರ ನಗಲಿಲ್ಲ, ಅವಳು ನಿಜವನ್ನೇ ಹೇಳಿದ್ದಳು. ನಗು ನಿಂತ ಮೇಲೆ ಅಧ್ಯಕ್ಷರು ಪಕ್ಕದವರ ಜೊತೆ ಪಿಸುಮಾತಾಡಿ, ಜೇಬಿನಿಂದ ಯಾರ್ಡಿನ ಕೀಲಿ ತೆಗೆದು ಮೇಜಿನ ಮೇಲಿಟ್ಟರು. ವಿದೇಶಕ್ಕೆ ಹೋಗಿ ಬಂದವಳು ನಾನೆಂದು ಎಲ್ಲರೂ ನನ್ನ ಕಡೆ ನೋಡಿದರು. ನಾನು ಎದ್ದು ರತ್ನಳಿಗೆ ದಾರಿ ಬಿಟ್ಟೆ.